ಗಾಜಿನ ತೊಟ್ಟಿಯಲ್ಲೊಂದು ಚರಿತ್ರೆಯ ಪಾಠ

ಕಳೆದ ಬೇಸಿಗೆಯ ರಜೆಗೆ ಬಂದ ಮೊಮ್ಮಗನ ಹಟಕ್ಕೆ ಮಣಿದು, ನಡುಮನೆಯ ಮೂಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇರಿಸಿದೆವು. ಮೊದಲು ತಂದದ್ದು ಎರಡೇ ರೋಸಿ ಬಾರ್ಬ್ ಮೀನುಗಳು. ಅವು ದಿನವಿಡೀ ಗಿಡಗಳ ಮರೆಯಲ್ಲಿ ಅಡಗಿರುತ್ತಿದ್ದವು. ಇವು ಗುಂಪಿನಲ್ಲಿ ಬಾಳುವ ಜೀವಿಗಳು, ಆರಾದರೂ ಜೊತೆಗಿರಬೇಕು ಎಂದು ತಿಳಿದು ಇನ್ನೂ ಆರನ್ನು ತಂದ ಮೇಲೆ ತೊಟ್ಟಿಗೆ ಕಳೆ ಬಂದಿತು. ಬೆರಳುದ್ದದ ಸಾಧು ಮೀನು. ಬಾಲದ ಬುಡಕ್ಕೆ ಸಮೀಪದಲ್ಲಿ ಒಂದು ಕಪ್ಪು ಚುಕ್ಕೆ. ಸಂತಾನಕಾಲದಲ್ಲಿ ಗಂಡು ಕೆಂಪೇರುತ್ತದೆ, ಹೆಣ್ಣು ತಿಳಿ ಹೊಂಬಣ್ಣದಲ್ಲೇ ಉಳಿಯುತ್ತದೆ. ಗಿಡಗಳ ನಡುವೆ ಮೊಟ್ಟೆ ಚೆಲ್ಲಿ, ಕಣ್ಣಿಗೆ ಬಿದ್ದರೆ ಅವನ್ನು ತಾವೇ ತಿಂದುಬಿಡುವುದೊಂದೇ ಇವುಗಳ ಅವಗುಣ.

ಒಂದು ಸಂಜೆ ಮೊಮ್ಮಗ ಅಂತರ್ಜಾಲದಲ್ಲಿ ಹುಡುಕಿ, "ತಾತ, ಇದರ ಶಾಸ್ತ್ರೀಯ ಹೆಸರು ಪೆಥಿಯಾ ಕೊಂಚೋನಿಯಸ್. ಮುಂದೆ ಕಂಸದಲ್ಲಿ 'ಹ್ಯಾಮಿಲ್ಟನ್, 1822' ಅಂತ ಇದೆ. ಅವರು ಯಾರು?" ಎಂದ. ನನಗೆ ತಿಳಿಯದು ಎಂದೆ. ಹುಡುಕಿದಾಗ ತಿಳಿದದ್ದು, ಮೂವತ್ತು ವರ್ಷ ತರಗತಿಯಲ್ಲಿ ನಾನೇ ಪಾಠ ಹೇಳಿದ್ದ ಮನುಷ್ಯ ಆತನೆಂದು!

ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನನ್ನು ನಮ್ಮ ನಾಡಿನ ಚರಿತ್ರೆ ಓದಿದವರೆಲ್ಲರೂ ಬಲ್ಲರು. ಸ್ಕಾಟ್ಲೆಂಡಿನ ವೈದ್ಯನಾದ ಈತ ಊರೂರಿನಲ್ಲಿ ರೈತರನ್ನು ಕೂರಿಸಿಕೊಂಡು ಮಣ್ಣು, ಬೆಳೆ, ಅಳತೆ, ತೂಕಗಳ ಹೆಸರನ್ನು ಕೇಳಿ ಬರೆದುಕೊಂಡ. ಆ ಪ್ರವಾಸಕಥನವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಆರಂಭವಾದ ಬಂಗಾಳದ ಸಮೀಕ್ಷೆಯಲ್ಲಿ ಏಳು ವರ್ಷ ದುಡಿದ. ಅಲ್ಲಿ ನದಿ, ಕೆರೆ, ಕುಂಟೆಗಳ ಮೀನುಗಳನ್ನು ತರಿಸಿ ಪರೀಕ್ಷಿಸಿ, ದೇಶೀಯ ಚಿತ್ರಕಾರರಿಂದ ಚಿತ್ರ ಬರೆಸಿದ. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಆ ಚಿತ್ರಸಂಗ್ರಹವನ್ನು ಸರ್ಕಾರವು ಕಲ್ಕತ್ತೆಯಲ್ಲೇ ಉಳಿಸಿಕೊಂಡಿತು.  ತಾಯಿಯ ಕಡೆಯ ಆಸ್ತಿ ಕೈಸೇರಿದ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಎಡಿನ್‌ಬರೋದಿಂದ ಗಂಗಾನದಿಯ ಮೀನುಗಳ ಗ್ರಂಥವನ್ನು ಹೊರತಂದ. ಇನ್ನೂರೈವತ್ತಕ್ಕೂ ಹೆಚ್ಚು ಮೀನುಗಳ ವರ್ಣನೆ ಅದರಲ್ಲಿದೆ. ನಮ್ಮ ತೊಟ್ಟಿಯ ಮೀನು ಅವುಗಳಲ್ಲೊಂದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ಮೂಲ. ಬಂಗಾಳದ ಬೆಸ್ತರು ಇಂತಹ ಸಣ್ಣ ಮೀನುಗಳನ್ನು 'ಪುಂಟಿ' ಎನ್ನುತ್ತಾರೆ. ಇದು ಅವರ 'ಕಾಂಚನ ಪುಂಟಿ', ಎಂದರೆ ಚಿನ್ನದ ಪುಂಟಿ. ಬಂಗಾಳಿ ಉಚ್ಚಾರಣೆಯಲ್ಲಿ ಕಾಂಚನವು 'ಕಾಂಚೊನ್' ಆಗುತ್ತದೆ. ಹ್ಯಾಮಿಲ್ಟನ್ ಅದಕ್ಕೆ ಲ್ಯಾಟಿನ್ ಬಾಲ ಜೋಡಿಸಿ 'ಕೊಂಚೋನಿಯಸ್' ಎಂದ. 'ಪುಂಟಿ'ಯು 'ಪುಂಟಿಯಸ್' ಎಂಬ ಕುಲನಾಮವಾಯಿತು. ಇದರ ದಾಯಾದಿಯೊಂದಕ್ಕೆ ಆತ ಕೊಟ್ಟ 'ಸೊಫೋರೆ' ಎಂಬ ಹೆಸರು ಸಂಸ್ಕೃತದ ಶಫರೀ ಶಬ್ದವನ್ನು ನೆನಪಿಗೆ ತರುತ್ತದೆ. 2012ರಲ್ಲಿ ಶ್ರೀಲಂಕೆಯ ವಿದ್ವಾಂಸರು ಪುಂಟಿಯಸ್ ಕುಲವನ್ನು ಒಡೆದು 'ಪೆಥಿಯಾ' ಎಂಬ ಹೊಸ ಕುಲವನ್ನು ರಚಿಸಿದರು. ಅದು ಸಣ್ಣ ಮೀನಿಗೆ ಸಿಂಹಳೀಯರು ಹೇಳುವ ಮಾತು. ಮೀನಿನ ಕುಲ ಬದಲಾದುದಕ್ಕೇ ಹ್ಯಾಮಿಲ್ಟನ್‌ನ ಹೆಸರು ಕಂಸದೊಳಗಿದೆ.

ಇದನ್ನೆಲ್ಲ ವಿವರಿಸಿದಾಗ ಮೊಮ್ಮಗ ಕೇಳಿದ: "ಹಾಗಾದರೆ ತಾತ, ಆ ಹೆಸರು ಹೇಳಿಕೊಟ್ಟ ಬೆಸ್ತರ ಹೆಸರು ಎಲ್ಲಿದೆ?"

ನನಗೆ ಉತ್ತರ ಹೊಳೆಯಲಿಲ್ಲ. ಹಳೆಯದೊಂದು ಮುಖ ಕಣ್ಣೆದುರು ಬಂದಿತು. ತುಂಗಭದ್ರೆಯ ದಡದ ಊರೊಂದರಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲ. ನದಿಯಿಂದ ಮನುಷ್ಯನಿಗಾಗುವ ಉಪಯೋಗಗಳನ್ನು ಕುರಿತ ಪ್ರಶ್ನೆಗೆ ಬೆಸ್ತರ ಹುಡುಗನೊಬ್ಬ ಗೆಂಡೆ, ಕೊರವ, ಬಾಳೆ ಎಂದು ಅರ್ಧ ಪುಟ ಮೀನುಗಳ ಹೆಸರನ್ನೇ ಬರೆದಿದ್ದ. ಯಾವುದು ಯಾವ ಮಡುವಿನಲ್ಲಿ ಸಿಗುತ್ತದೆಂಬುದನ್ನೂ ಸೇರಿಸಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಪಠ್ಯದಲ್ಲಿರುವುದನ್ನು ಬರೆ' ಎಂದು ಷರಾ ಹಾಕಿದೆ. ತರಗತಿ ನಕ್ಕಿತು. ಮುಂದೆ ಆತ ಯಾವ ಪ್ರಶ್ನೆಗೂ ತಾನಾಗಿ ಕೈ ಎತ್ತಲಿಲ್ಲ.

ಪರದೇಶದ ಅಧಿಕಾರಿಯೊಬ್ಬ ಕೇಳಿ ಬರೆದುಕೊಂಡಾಗ ಅದೇ ಮಾತು ಶಾಸ್ತ್ರವಾಯಿತು; ನನ್ನ ವಿದ್ಯಾರ್ಥಿ ಬರೆದಾಗ ತಪ್ಪಾಯಿತು. ಬುಕಾನನ್ ಆಳುವವರ ಕೆಲಸಕ್ಕೆ ಬಂದವನು, ನಿಜ. ಆದರೆ ಬಲ್ಲವರನ್ನು ಕೇಳಬೇಕೆಂಬ ವಿವೇಕ ಆತನಿಗಿತ್ತು. ಬಿ.ಎಡ್. ಪದವಿ ಪಡೆದ ನನಗೆ ಅಂದು ಅಷ್ಟು ತೋಚಲಿಲ್ಲ.

ಮೊಮ್ಮಗ ತೊಟ್ಟಿಯ ಗಾಜಿಗೆ 'ಕಾಂಚನ ಪುಂಟಿ' ಎಂಬ ಚೀಟಿ ಅಂಟಿಸಿದ್ದಾನೆ. ಆ ಹುಡುಗ ಈಗ ಐವತ್ತರ ಅಂಚಿನಲ್ಲಿರಬೇಕು. ಕಳೆದುಕೊಂಡ ಅಂಕಗಳನ್ನು ಹಿಂದಿರುಗಿಸಲಾರೆ. ಓದುಗ ಮಿತ್ರರೇ, ನಿಮ್ಮೂರಿನ ಹಳ್ಳಕೊಳ್ಳಗಳ ಮೀನುಗಳ ಹೆಸರನ್ನು ಬಲ್ಲ ಹಿರಿಯರಿದ್ದರೆ, ದಯವಿಟ್ಟು ಕೇಳಿ ಬರೆದಿಡಿ. ಹೇಳಿದವರ ಹೆಸರನ್ನೂ ಜೊತೆಗೆ ಬರೆದಿಡಿ.