ಕಾರಾಗೃಹ–ಸಮುದಾಯ ಸಂಪರ್ಕ ಜಾಲ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಕಾರಾಗೃಹ, ಪ್ರೊಬೇಷನ್ ಕಚೇರಿ, ಬಾಲನ್ಯಾಯ ಮಂಡಳಿ ಮುಂತಾದ ಸುಧಾರಣಾ ಸೇವೆಗಳಿಗೂ, ಬಂಧಿತರು ಮರಳಿ ಹೋಗಿ ಬಾಳಬೇಕಾದ ಊರಿನ ಸಂಸ್ಥೆಗಳಿಗೂ ನಡುವೆ ಬೆಳೆದ ಕೆಲಸದ ನಂಟು ಈ ಲೇಖನದ ವಿಷಯ. ದಕ್ಷಿಣ ಕನ್ನಡದ ಈ ಮೂರು ತಾಲೂಕುಗಳಲ್ಲಿ ಆ ನಂಟು ಒಂದೇ ಯೋಜನೆಯಿಂದ ಹುಟ್ಟಿದ್ದಲ್ಲ. ಕಾಯ್ದೆಯೊಂದು ಬಂದಾಗಲೆಲ್ಲ ಅದರದ್ದೇ ಅಧಿಕಾರಿ, ಸಮಿತಿ, ಸ್ವಯಂಸೇವಕರ ಒಂದು ಜಾಲ ಹುಟ್ಟಿಕೊಂಡಿತು. ಕಾನೂನಿನ ಹಂಗಿಲ್ಲದೆ ಬೆಳೆದ ಧಾರ್ಮಿಕ, ಶೈಕ್ಷಣಿಕ, ಸ್ವಸಹಾಯ ಸಂಸ್ಥೆಗಳು ಇನ್ನೊಂದು ಕಡೆ ನೆಲೆಯೂರಿದವು. ಇವು ಎಲ್ಲಿ ಕೂಡಿದವು, ಎಲ್ಲಿ ಕೂಡಲಿಲ್ಲ ಎಂಬುದೇ ಇಲ್ಲಿನ ಇತಿಹಾಸದ ತಿರುಳು.

ಭೌಗೋಳಿಕ ಮತ್ತು ಆಡಳಿತ ಹಿನ್ನೆಲೆ

ಜಿಲ್ಲಾ ಕಾರಾಗೃಹ ಇರುವುದು ಮಂಗಳೂರು ಪೇಟೆಯೊಳಗೆ, ಕೊಡಿಯಾಲ್‌ಬೈಲ್‌ನಲ್ಲಿ. ಅಲ್ಲಿಂದ ಬಂಟ್ವಾಳ ಸುಮಾರು 25 ಕಿ.ಮೀ., ಮೂಡುಬಿದಿರೆ ಸುಮಾರು 35 ಕಿ.ಮೀ., ಬೆಳ್ತಂಗಡಿ ಸುಮಾರು 60 ಕಿ.ಮೀ. ದೂರ. ದೀರ್ಘ ಶಿಕ್ಷೆಯಾದವರನ್ನು ಜಿಲ್ಲೆಯ ಹೊರಗಿನ ಕೇಂದ್ರ ಕಾರಾಗೃಹಗಳಿಗೆ ಕಳುಹಿಸುವುದರಿಂದ ಮನೆಯವರ ದಾರಿ ಇನ್ನೂ ಉದ್ದವಾಗುತ್ತದೆ. ಬೀಡಿ ಕಟ್ಟಿ ಅಥವಾ ಅಡಿಕೆ ತೋಟದಲ್ಲಿ ದಿನಗೂಲಿ ಮಾಡಿ ಬದುಕುವ ಕುಟುಂಬಕ್ಕೆ ಒಂದು ಭೇಟಿಯೆಂದರೆ ಒಂದು ದಿನದ ಸಂಬಳ ಹೋದಂತೆ. ಬಸ್ಸಿನ ಖರ್ಚು ಬೇರೆ.

ಆಡಳಿತದ ಗಡಿಗಳೂ ಒಂದರ ಮೇಲೊಂದು ಕೂರುವುದಿಲ್ಲ. ಬಂಟ್ವಾಳ ಮತ್ತು ಬೆಳ್ತಂಗಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಗೆ ಸೇರಿವೆ. ಮೂಡುಬಿದಿರೆ ಠಾಣೆ ಮಾತ್ರ 2010ರಲ್ಲಿ ರಚನೆಯಾದ ಮಂಗಳೂರು ನಗರ ಪೊಲೀಸ್ ಕಮಿಷನರೇಟ್‌ನ ಕೆಳಗಿದೆ. ಮಂಗಳೂರು ತಾಲೂಕಿನ ಭಾಗವಾಗಿದ್ದ ಮೂಡುಬಿದಿರೆ ಪ್ರತ್ಯೇಕ ತಾಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಹೀಗಾಗಿ ಪೆರೋಲ್ ವರದಿ ಬೇಕಾದಾಗ ನೆರೆಹೊರೆಯ ಎರಡು ಊರುಗಳ ಕಡತಗಳು ಎರಡು ಬೇರೆ ಪೊಲೀಸ್ ಕಚೇರಿಗಳ ಮೂಲಕ ಸಾಗುತ್ತವೆ.

ಮದ್ರಾಸ್ ಆಡಳಿತದ ಕಾಲ

1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಭಾಗವಾಗಿತ್ತು. ತಾಲೂಕು ಕೇಂದ್ರಗಳ ಉಪ ಬಂದೀಖಾನೆಗಳನ್ನು ಕಂದಾಯ ಇಲಾಖೆಯ ಅಧಿಕಾರಿಗಳೇ ನೋಡಿಕೊಳ್ಳುವುದು ಅಲ್ಲಿನ ಪದ್ಧತಿ. ವಿಚಾರಣೆಗೆ ಕಾದವರನ್ನೂ ಕೆಲವು ದಿನಗಳ ಶಿಕ್ಷೆಯವರನ್ನೂ ಇಡುವುದಕ್ಕಷ್ಟೇ ಅವು ಸಾಕಾಗುತ್ತಿದ್ದವು. ಜಿಲ್ಲೆಯ ದೊಡ್ಡ ಪ್ರಕರಣಗಳ ಕೈದಿಗಳು 1869ರಲ್ಲಿ ಸ್ಥಾಪನೆಯಾದ ಕಣ್ಣೂರು ಕೇಂದ್ರ ಕಾರಾಗೃಹ ಸೇರಿದ್ದುಂಟು. ಆಗ ಇದೇ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ರೈತ ಹೋರಾಟಗಾರರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದ್ದು ಅಲ್ಲಿಯೇ. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ವಸ್ತುವಾದದ್ದು ಈ ಹೋರಾಟ.

ಬಂಧಿತನ ಸುಧಾರಣೆಯೂ ಜೈಲಿನ ಉದ್ದೇಶವೆಂದು ಭಾರತದಲ್ಲಿ ಅಧಿಕೃತವಾಗಿ ಸಾರಿದ್ದು ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ 1919–20ರ ಜೈಲು ಸಮಿತಿ. 1894ರ ಕಾರಾಗೃಹ ಕಾಯ್ದೆಯ ಗಮನವೆಲ್ಲ ಗೋಡೆಯೊಳಗಿನ ಶಿಸ್ತಿನ ಮೇಲಿತ್ತು. ಸಮಿತಿಯ ವರದಿ ಬಿಡುಗಡೆಯಾದವನ ಮುಂದಿನ ಬದುಕಿನ ಪ್ರಶ್ನೆಯನ್ನೂ ಎತ್ತಿತು. ಮದ್ರಾಸ್ ಪ್ರಾಂತ 1920ರಲ್ಲಿ ಮಕ್ಕಳ ಕಾಯ್ದೆಯನ್ನೂ, ಮುಂದೆ ಹದಿಹರೆಯದವರಿಗಾಗಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯನ್ನೂ, 1936ರಲ್ಲಿ ಪ್ರೊಬೇಷನ್ ಕಾಯ್ದೆಯನ್ನೂ ಮಾಡಿತು. ತಪ್ಪಿತಸ್ಥನನ್ನು ಊರಿನಲ್ಲಿಯೇ ಇರಿಸಿ ಮೇಲ್ವಿಚಾರಣೆ ಮಾಡಬಹುದು ಎಂಬ ತತ್ತ್ವ ಈ ಜಿಲ್ಲೆಗೆ ಬಂದದ್ದು ಈ ಹಾದಿಯಲ್ಲಿ.

ಊರ ನ್ಯಾಯದ ಹಿನ್ನೆಲೆ ಇದಕ್ಕಿಂತ ಹಳೆಯದು. ಗುತ್ತಿನ ಮನೆಯ ಚಾವಡಿಯಲ್ಲಿ, ದೈವದ ಕೊಡಿಯಡಿಯಲ್ಲಿ, ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಹೆಗ್ಗಡೆಯವರ ಎದುರಿನಲ್ಲಿ ಜಗಳಗಳನ್ನು ಮಾತಿನಲ್ಲಿ ಮುಗಿಸಿಕೊಳ್ಳುವುದು ತುಳುನಾಡಿನ ರೂಢಿ. ಅದಕ್ಕೆ ಶಿಕ್ಷೆಯ ಅಧಿಕಾರಕ್ಕಿಂತ ಆಣೆ-ಪ್ರಮಾಣದ ಭಯ ಮತ್ತು ಹಿರಿಯರ ಮಾತಿನ ಬೆಲೆ ಆಧಾರ. ಜಾತಿಯ ಮೇಲು-ಕೀಳು ಅದರೊಳಗೂ ಇದ್ದುದರಿಂದ ಎಲ್ಲರಿಗೂ ಅದು ಸಮನಾದ ನ್ಯಾಯವಾಗಿರಲಿಲ್ಲ.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅದಕ್ಕೆ ತುಸು ಮುನ್ನ, 1954ರಲ್ಲಿ, ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಪ್ರೊ. ಎಂ.ಎಸ್. ಗೋರೆ ಅಧ್ಯಕ್ಷತೆಯಲ್ಲಿ ಬಿಡುಗಡೆಯ ನಂತರದ ಆರೈಕೆಯ ಬಗ್ಗೆ ಸಲಹಾ ಸಮಿತಿ ನೇಮಿಸಿತ್ತು. 1958ರಲ್ಲಿ ಕೇಂದ್ರದ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಬಂತು. 1963ರಲ್ಲಿ ರಾಜ್ಯದ ಕಾರಾಗೃಹ ಕಾಯ್ದೆ, 1974ರಲ್ಲಿ ಅದರ ನಿಯಮಗಳು ರೂಪುಗೊಂಡವು.

ಪ್ರೊಬೇಷನ್ ಅಧಿಕಾರಿಯನ್ನು ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ. ಜೈಲಿನ ಬದಲು ಬಾಂಡಿನ ಮೇಲೆ ಬಿಡಬಹುದೇ ಎಂದು ನ್ಯಾಯಾಲಯ ಕೇಳಿದಾಗ ಈ ಅಧಿಕಾರಿ ಆರೋಪಿಯ ಮನೆಗೆ ಹೋಗಬೇಕು. ಮನೆಯವರು, ನೆರೆಯವರು, ಕೆಲಸ ಕೊಟ್ಟವರನ್ನು ವಿಚಾರಿಸಬೇಕು. ಕುಡಿತ, ಸಾಲ, ಜಾಗದ ತಕರಾರು, ಹಳೆಯ ದ್ವೇಷ ಎಲ್ಲವೂ ವರದಿಗೆ ಬರುತ್ತವೆ. ಆ ವರದಿ ಗೌಪ್ಯ. ಆದೇಶವಾದ ಮೇಲೆ ಸಲಹೆ, ನೆರವು, ಸಾಧ್ಯವಾದರೆ ಕೆಲಸ ಹುಡುಕಿಕೊಡುವುದು ಕೂಡ ಅಧಿಕಾರಿಯ ಕರ್ತವ್ಯವೆಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಪಂಚಾಯತ್ ಸದಸ್ಯ, ಶಾಲೆಯ ಮುಖ್ಯೋಪಾಧ್ಯಾಯ, ತೋಟದ ಯಜಮಾನ, ಆಶಾ ಕಾರ್ಯಕರ್ತೆ ಇಂಥವರ ಪರಿಚಯವಿಲ್ಲದೆ ಈ ಕೆಲಸ ನಡೆಯುವುದಿಲ್ಲ. ಸಮುದಾಯ ಸಂಪರ್ಕಕ್ಕೆ ಕಾನೂನು ಕೊಟ್ಟ ಮೊದಲ ಸಂಬಳದ ಹುದ್ದೆ ಇದೇ.

ಸಮಾಜಕಾರ್ಯ ಶಿಕ್ಷಣ

1960ರಲ್ಲಿ ಮಂಗಳೂರಿನಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು ಈ ಸಂಬಂಧಕ್ಕೆ ವೃತ್ತಿಯ ರೂಪ ಕೊಟ್ಟಿತು. ಸಮಾಜಕಾರ್ಯದ ವಿದ್ಯಾರ್ಥಿ ತರಗತಿಯಷ್ಟೇ ಮುಖ್ಯವಾಗಿ ಸಂಸ್ಥೆಗಳಲ್ಲಿ ಕ್ಷೇತ್ರಕಾರ್ಯ ಮಾಡಬೇಕು. ಪ್ರಕರಣದ ಟಿಪ್ಪಣಿ ಬರೆದು ಮೇಲ್ವಿಚಾರಕರಿಗೆ ತೋರಿಸಬೇಕು. ಮುಂದೆ ಅಪರಾಧಶಾಸ್ತ್ರವೂ ಅಲ್ಲಿನ ಪಠ್ಯವಾಯಿತು. ಹೀಗೆ ಒಂದೇ ಶಿಸ್ತಿನಲ್ಲಿ ಕಲಿತವರು ಸರ್ಕಾರಿ ಹುದ್ದೆ, ಆಪ್ತಸಮಾಲೋಚನಾ ಕೇಂದ್ರ, ಮಕ್ಕಳ ಹಕ್ಕುಗಳ ಸಂಘಟನೆಗಳಿಗೆ ಹಂಚಿಹೋದರು. ಆ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಪ್ರೊ. ಹಿಲ್ಡಾ ರಾಯಪ್ಪನ್ 1987ರಲ್ಲಿ ಕಟ್ಟಿದ ಪ್ರಜ್ಞಾ ಸಲಹಾ ಕೇಂದ್ರ ವ್ಯಸನಮುಕ್ತಿ ಮತ್ತು ಮಹಿಳೆಯರ ರಕ್ಷಣೆಯಲ್ಲಿ ಹೆಸರು ಮಾಡಿತು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕಾಲೇಜಿನಲ್ಲಿಯೂ ಸಮಾಜಕಾರ್ಯದ ಸ್ನಾತಕೋತ್ತರ ವಿಭಾಗ ತೆರೆದ ಮೇಲೆ ತಾಲೂಕಿನಲ್ಲೇ ಇಂಥ ತರಬೇತಿ ಸಿಗುವಂತಾಯಿತು.

ಅಧಿಕಾರಿಗಳ ಮಟ್ಟಿಗೆ, 1979ರಲ್ಲಿ ಸ್ಥಾಪನೆಯಾದ ವೆಲ್ಲೂರಿನ ಕಾರಾಗೃಹ ಮತ್ತು ಸುಧಾರಣಾ ಆಡಳಿತ ಅಕಾಡೆಮಿ ದಕ್ಷಿಣದ ರಾಜ್ಯಗಳ ಜೈಲು ಸಿಬ್ಬಂದಿಗೆ ತರಬೇತಿಯ ನೆಲೆಯಾಯಿತು. ನ್ಯಾ. ಎ.ಎನ್. ಮುಲ್ಲಾ ಅಧ್ಯಕ್ಷತೆಯ ಸಮಿತಿ 1983ರಲ್ಲಿ ಕೊಟ್ಟ ವರದಿ ಜೈಲಿನ ಬಾಗಿಲನ್ನು ಸಮಾಜಕ್ಕೆ ತೆರೆಯುವ ಮಾತಿಗೆ ಬಲ ತುಂಬಿತು. ರಾಜ್ಯದ ಮಟ್ಟದಲ್ಲಿ ಇದರ ಹೆಸರಾಂತ ಉದಾಹರಣೆ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಜೈಲು ರಂಗಭೂಮಿ. ಅವರ ತಂಡದ ಕೈದಿ-ನಟರು ಜೈಲಿನ ಹೊರಗಿನ ರಂಗಮಂದಿರಗಳಲ್ಲೂ ನಾಟಕವಾಡಿದರು.

ಊರಿನ ಸಂಸ್ಥೆಗಳು

ಬೆಳ್ತಂಗಡಿ ತಾಲೂಕಿನಲ್ಲಿ 1982 ಎರಡು ಸಂಸ್ಥೆಗಳ ಹುಟ್ಟಿನ ವರ್ಷ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಒಂದು. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಇನ್ನೊಂದು. ಊಟ-ವಸತಿ ಸಮೇತ ಉಚಿತವಾಗಿ ಅಲ್ಪಾವಧಿಯ ಕಸುಬು ಕಲಿಸಿ, ಆಮೇಲೆ ಸಾಲದ ದಾರಿ ತೋರಿಸುವ ರುಡ್‌ಸೆಟ್ ಮಾದರಿಯನ್ನು ಕೇಂದ್ರ ಸರ್ಕಾರ ಮುಂದೆ ದೇಶಕ್ಕೆಲ್ಲ ವಿಸ್ತರಿಸಿತು. ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ಕೃಷಿಕರು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಕೂಡಿ ದುಡಿಯುತ್ತಾರೆ.

ಸುಧಾರಣಾ ಸೇವೆಗೆ ಹೆಚ್ಚು ಹತ್ತಿರದ್ದು ಇದೇ ಯೋಜನೆಯ ಜೊತೆಗಿನ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಊರಿನವರದ್ದೇ ವ್ಯವಸ್ಥಾಪನಾ ಸಮಿತಿ ಸಭಾಭವನವೊಂದನ್ನು ಗೊತ್ತುಮಾಡಿ, ಅಕ್ಕಿ-ತರಕಾರಿ ಒಟ್ಟುಮಾಡಿ, ಕುಡಿತ ಬಿಡಬೇಕೆಂದಿರುವವರನ್ನು ಸುಮಾರು ಎಂಟು ದಿನ ಅಲ್ಲಿಯೇ ಇರಿಸುತ್ತದೆ. ವೈದ್ಯಕೀಯ ತಪಾಸಣೆ, ಯೋಗ, ಭಜನೆ, ಸಲಹೆ ಎಲ್ಲ ಇರುತ್ತವೆ. ಶಿಬಿರ ಮುಗಿದವರು ನವಜೀವನ ಸಮಿತಿ ಎಂಬ ಗುಂಪಾಗಿ ಆಗಾಗ ಕೂಡಿ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ. ಇದು ಕೈದಿಗಳಿಗೆಂದು ಹುಟ್ಟಿದ್ದಲ್ಲ. ಆದರೆ ಕುಡಿದ ಅಮಲಿನ ಹೊಡೆದಾಟವೇ ಮೂಲವಾದ ಪ್ರಕರಣಗಳಲ್ಲಿ ಪರಿವೀಕ್ಷಣಾಧಿಕಾರಿ ಹುಡುಕುವ ಮುಂದಿನ ಆಸರೆ ಇಲ್ಲಿ ಸಿದ್ಧವಾಗಿದೆ. ಕ್ರೈಸ್ತರ ಕಡೆಯಿಂದ 1999ರಲ್ಲಿ ರಚನೆಯಾದ ಬೆಳ್ತಂಗಡಿ ಧರ್ಮಪ್ರಾಂತ ಸಮಾಜಸೇವೆಯ ಮತ್ತೊಂದು ನೆಲೆಯಾಯಿತು.

ಕಾನೂನು ಸೇವೆಗಳ ಜಾಲ

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರ ಹಕ್ಕು ಅದರಿಂದ ಸಿಕ್ಕಿತು. ಜಿಲ್ಲಾ ಪ್ರಾಧಿಕಾರ ಮಂಗಳೂರಿನಲ್ಲಿದ್ದರೆ, ತಾಲೂಕು ಕಾನೂನು ಸೇವಾ ಸಮಿತಿಗಳು ತಾಲೂಕು ನ್ಯಾಯಾಲಯದ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ, ವಕೀಲರ ಸಂಘದ ಜೊತೆಯಲ್ಲಿ ನಡೆಯುತ್ತವೆ. 2009ರ ನಂತರ ಅರೆ-ಕಾನೂನು ಸ್ವಯಂಸೇವಕರು ಸೇರಿಕೊಂಡರು. ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದ ಸದಸ್ಯೆ ಯಾರು ಬೇಕಾದರೂ ತರಬೇತಿ ಪಡೆದು ಈ ಕೆಲಸ ಮಾಡಬಹುದು.

ಇವರ ಅಗತ್ಯ ಹೆಚ್ಚು ಕಾಣುವುದು ಜಾಮೀನಿನ ಹೊತ್ತಿನಲ್ಲಿ. ನ್ಯಾಯಾಲಯ ಜಾಮೀನು ಕೊಟ್ಟಿತೆಂದರೆ ಮನುಷ್ಯ ಹೊರಬಂದ ಎಂದಲ್ಲ. ಜಾಮೀನುದಾರನೊಬ್ಬ ತನ್ನ ಜಾಗದ ಆರ್‌ಟಿಸಿ (ಪಹಣಿ), ಗುರುತಿನ ಚೀಟಿ, ಫೋಟೊ ಹಿಡಿದು ನ್ಯಾಯಾಲಯಕ್ಕೆ ಬರಬೇಕು. ಸ್ವಂತ ಹೆಸರಿನಲ್ಲಿ ಜಾಗವಿಲ್ಲದ ಕೂಲಿಯವನಿಗೆ, ಕೊರಗ ಅಥವಾ ಮಲೆಕುಡಿಯ ಬುಡಕಟ್ಟಿನ ಕುಟುಂಬಕ್ಕೆ ಅಂಥವನನ್ನು ಹುಡುಕುವುದು ವಕೀಲರನ್ನು ಹುಡುಕುವುದಕ್ಕಿಂತ ಕಷ್ಟ. ವಿಚಾರಣೆಯ ಅವಧಿಯೂ ಸಣ್ಣದಲ್ಲ. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ 2012ರ ಮಾರ್ಚ್‌ನಲ್ಲಿ ಬಂಧಿಸಲಾಗಿತ್ತು. ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ.

ದೇಶದ ಜೈಲುಗಳ ದುಃಸ್ಥಿತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರಿಂದ ಕೊಟ್ಟ ಆದೇಶಗಳಂತೆ ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಸೇರತೊಡಗಿತು. ಜಿಲ್ಲಾ ನ್ಯಾಯಾಧೀಶ, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಒಂದೇ ಮೇಜಿನ ಸುತ್ತ ಕೂರುವ ಪರಿಪಾಠ ಇದರಿಂದ ಬೆಳೆಯಿತು. ಅದೇ 2015ರ ನವೆಂಬರ್‌ನಲ್ಲಿ ಮಂಗಳೂರು ಜೈಲಿನೊಳಗೆ ಇಬ್ಬರು ವಿಚಾರಣಾಧೀನ ಕೈದಿಗಳ ಕೊಲೆಯಾದದ್ದು ಭದ್ರತೆಯ ಚರ್ಚೆಯನ್ನು ಮುಂದಕ್ಕೆ ತಂದಿತು.

ಮಕ್ಕಳ ವಿಷಯದಲ್ಲಿ

ಸಮುದಾಯದವರನ್ನು ತೀರ್ಪು ಕೊಡುವ ಪೀಠದ ಮೇಲೆಯೇ ಕೂರಿಸಿದ್ದು ಬಾಲನ್ಯಾಯ ಕಾಯ್ದೆ. 2000 ಮತ್ತು 2015ರ ಕಾಯ್ದೆಗಳಂತೆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರುತ್ತಾರೆ. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಸಾಮಾನ್ಯವಾಗಿ ಪರಿವೀಕ್ಷಣಾಧಿಕಾರಿ ಸಿದ್ಧಪಡಿಸುವ ಸಾಮಾಜಿಕ ತನಿಖಾ ವರದಿಯನ್ನು ನೋಡದೆ ಮಂಡಳಿ ಅಂತಿಮ ಆದೇಶ ಕೊಡುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, 1098 ಸಹಾಯವಾಣಿ, ಮಂಗಳೂರಿನ ‘ಪಡಿ’ಯಂಥ ಸಂಘಟನೆಗಳು, ಶಾಲೆಗಳು ಈ ಸುತ್ತಿನಲ್ಲಿವೆ. ಮೂರು ತಾಲೂಕುಗಳ ಮಟ್ಟಿಗೆ ವಯಸ್ಕರ ಜಾಲಕ್ಕಿಂತ ಮಕ್ಕಳ ಜಾಲ ಹೆಚ್ಚು ಬಿಗಿಯಾಗಿರುವುದಕ್ಕೆ ಕಾರಣ ಇದೇ: ಯಾರು ಯಾರಿಗೆ ವರದಿ ಕೊಡಬೇಕೆಂಬುದನ್ನು ಕಾಯ್ದೆಯೇ ಬರೆದಿಟ್ಟಿದೆ.

2023ರ ನಂತರದ ಬೆಳವಣಿಗೆ

ಬಡ ಕೈದಿಗಳ ನೆರವಿನ ಕೇಂದ್ರ ಯೋಜನೆ 2023ರಲ್ಲಿ ಬಂತು. ಅದರ ಆರಂಭದ ಮಾರ್ಗಸೂಚಿಯಂತೆ ಜಾಮೀನು ಮೊತ್ತ ಕಟ್ಟಲಾಗದ ವಿಚಾರಣಾಧೀನರಿಗೆ 40,000 ರೂ.ವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000 ರೂ.ವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದಿತ್ತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನ ಬಂಧನದಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಜೀವಾವಧಿ ಅಥವಾ ಮರಣದಂಡನೆಯ ಆರೋಪಗಳಿಗೆ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು.

ಅಂದೇ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿತು. ಕುಡಿದು ಸಾರ್ವಜನಿಕವಾಗಿ ಗಲಾಟೆ, 5,000 ರೂ.ಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನ (ವಸ್ತು ಹಿಂದಿರುಗಿಸಿದ್ದರೆ), ಮಾನಹಾನಿ ಮುಂತಾದ ಕೆಲವೇ ಅಪರಾಧಗಳಿಗೆ ಇದು ಸಲ್ಲುತ್ತದೆ. ಇಂಥ ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೆ ಕೆಲಸ ಕೊಡುವ ಆಸ್ಪತ್ರೆ, ಪಂಚಾಯತ್, ಶಾಲೆ ಅಥವಾ ಪುರಸಭೆ ಬೇಕು. ಹಾಜರಿ ಬರೆದಿಡುವವರೂ ಬೇಕು. ಸಮುದಾಯದ ಸಂಸ್ಥೆಗಳು ಇಲ್ಲಿ ಮೊದಲ ಬಾರಿಗೆ ಶಿಕ್ಷೆಯ ಜಾರಿಯಲ್ಲೇ ಪಾಲುದಾರರಾಗುತ್ತವೆ.

ಇದೇ ಹೊತ್ತಿಗೆ ಮಂಗಳೂರು ಜೈಲಿನ ಇಕ್ಕಟ್ಟು ಕಳೆಯಲು ಮುಡಿಪು ಬಳಿ, ಮೊದಲು ಬಂಟ್ವಾಳ ತಾಲೂಕಿನಲ್ಲಿದ್ದು ಈಗ ಉಳ್ಳಾಲ ತಾಲೂಕಿಗೆ ಸೇರಿದ ಪ್ರದೇಶದಲ್ಲಿ, 60 ಎಕರೆಗೂ ಮಿಕ್ಕಿದ ಜಾಗದಲ್ಲಿ ಹೊಸ ಕಾರಾಗೃಹದ ಕಾಮಗಾರಿ ಕೈಗೆತ್ತಿಕೊಳ್ಳಲಾಯಿತು.

ತೊಡಕುಗಳು

ಪ್ರೊಬೇಷನ್ ಆದೇಶ ಪಡೆದವರಿಗೆ ಪರಿವೀಕ್ಷಣಾಧಿಕಾರಿ ಇದ್ದಾರೆ, ಮಗುವಿಗೆ ಮಂಡಳಿ ಇದೆ, ವಿಚಾರಣಾಧೀನರಿಗೆ ಕಾನೂನು ಸೇವಾ ಸಮಿತಿ ಇದೆ. ಶಿಕ್ಷೆ ಪೂರೈಸಿ ಹೊರಬಂದ ವಯಸ್ಕರ ಪಾಲಿಗೆ ಅಷ್ಟೇ ಸ್ಪಷ್ಟವಾದ ಹೊಣೆಗಾರರು ಯಾರೂ ಇಲ್ಲ. ಸಂಪರ್ಕ ಹೆಚ್ಚಾಗಿ ವ್ಯಕ್ತಿಗಳ ಪರಿಚಯದ ಮೇಲೆ ನಿಂತಿರುವುದರಿಂದ ಅಧಿಕಾರಿಯ ವರ್ಗಾವಣೆಯಾದಾಗ ಅದೂ ಕಡಿಯುತ್ತದೆ. ಕೋಮು ಘರ್ಷಣೆಯ ಪ್ರಕರಣಗಳಲ್ಲಿ ಬಿಡುಗಡೆಯಾದವರಿಗೆ ಬೆಂಬಲವಾಗಿ ನಿಲ್ಲುವುದು ಕೆಲವೊಮ್ಮೆ ಅವರವರ ಪಕ್ಷ-ಸಂಘಟನೆಗಳೇ. ಅಂಥ ಬೆಂಬಲಕ್ಕೂ ವೃತ್ತಿಪರ ನೆರವಿಗೂ ಬಹಳ ಅಂತರವಿದೆ. ರುಡ್‌ಸೆಟ್‌ನ ತರಬೇತಿ, ನವಜೀವನ ಸಮಿತಿ, ಕಾನೂನು ಸ್ವಯಂಸೇವಕರ ಪಡೆ ಎಲ್ಲವೂ ಬೆಳ್ತಂಗಡಿ ಎಂಬ ಒಂದೇ ತಾಲೂಕಿನೊಳಗೆ ಇವೆ. ಬಿಡುಗಡೆಯ ದಿನಾಂಕವನ್ನು ಜೈಲಿನಿಂದ ಇವರಿಗೆ ಮುಂಚಿತವಾಗಿ ತಿಳಿಸುವ ಹೊಣೆ ಯಾರದೆಂಬುದು ಯಾವ ಕಾಯ್ದೆಯಲ್ಲೂ ಖಚಿತವಾಗದಿರುವುದು ಈ ಜಾಲದ ಮುಖ್ಯ ಕೊರತೆ.