ಗಡ್ಡೆ ತೆಗೆದ ಮೇಲೂ ಉಳಿಯುವ ಪ್ರಶ್ನೆ

ಪಿತ್ತನಾಳದ ಕ್ಯಾನ್ಸರ್ ಗುಣವಾಗಬೇಕಾದರೆ ಆಪರೇಷನ್ ಆಗಲೇಬೇಕು ಎಂಬ ಮಾತು ಇಂದಿಗೂ ಹೆಚ್ಚುಕಡಿಮೆ ನಿಜ. ಆದರೆ ಗಡ್ಡೆಯನ್ನು ಪೂರ್ತಿ ತೆಗೆಸಿಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರುಕಳಿಸುತ್ತದೆ. ಬಹುಕಾಲ ಇದನ್ನು ಸರ್ಜನ್ನರ ಕೈಚಳಕದ ಪ್ರಶ್ನೆಯೆಂದೇ ಭಾವಿಸಲಾಗಿತ್ತು. ಎಡಬಲದ ನಾಳಗಳು ಕೂಡುವಲ್ಲಿ ಹುಟ್ಟುವ ಗಡ್ಡೆಗಳನ್ನು ಅಮೆರಿಕದ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ ವಿವರಿಸಿದರು. ಅವು ಎಲ್ಲಿಯವರೆಗೆ ಹಬ್ಬಿವೆ ಎಂಬುದರ ಮೇಲೆ 1975ರಲ್ಲಿ ಬಿಸ್ಮತ್ ಮತ್ತು ಕಾರ್ಲೆಟ್ ವರ್ಗೀಕರಣ ಮಾಡಿದರು. 1990ರಲ್ಲಿ ಜಪಾನಿನ ನಾಗೋಯಾದ ಯೂಜಿ ನಿಮುರಾ ತಂಡ, ಲಿವರಿನ ಹಿಂಬದಿಯ ಕಾಡೇಟ್ ಹಾಲೆಯನ್ನೂ ತೆಗೆದು ಪರೀಕ್ಷಿಸಿದಾಗ ಬಹುತೇಕ ಎಲ್ಲರಲ್ಲೂ ಅಲ್ಲಿ ಕ್ಯಾನ್ಸರ್ ಕಂಡಿತು. ಹೆಚ್ಚು ಕತ್ತರಿಸುವುದಕ್ಕೆ ಆಧಾರ ಸಿಕ್ಕಿತು, ಅದರಿಂದ ಲಾಭವೂ ಆಯಿತು. ಮರುಕಳಿಕೆ ಮಾತ್ರ ನಿಲ್ಲಲಿಲ್ಲ. ಈ ಕ್ಯಾನ್ಸರ್ ನಾಳದ ಒಳಪದರದಡಿ ಕಣ್ಣಿಗೆ ಕಾಣದಂತೆ ಹರಿದಾಡುತ್ತದೆ, ನರಗಳ ಹೊದಿಕೆಯ ಗುಂಟ ಸಾಗುತ್ತದೆ, ದುಗ್ಧಗ್ರಂಥಿಗಳಿಗೆ ಇಳಿಯುತ್ತದೆ. ಆಪರೇಷನ್ ನಡೆಯುತ್ತಿರುವಾಗಲೇ ಕೆಲವು ಮಿಲಿಮೀಟರಿನ ನಾಳದ ಅಂಚನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಡಿ ನೋಡಿ ‘ಅಂಚು ಶುದ್ಧ’ ಎಂದು ರೋಗಶಾಸ್ತ್ರಜ್ಞರು ಹೇಳಬಹುದು. ಅಷ್ಟರಲ್ಲೇ ಬೇರೆಡೆ ಜಾರಿಹೋದ ಜೀವಕೋಶ ಆ ಗಾಜಿನ ಮೇಲೆ ಇರುವುದಿಲ್ಲ.

ಆದ್ದರಿಂದ ಆಪರೇಷನ್ ನಂತರದ ಔಷಧಿಯನ್ನು ಚಿಕಿತ್ಸೆಯ ಎರಡನೆಯ ಅರ್ಧವೆಂದೇ ಎಣಿಸಬೇಕು ಎಂಬುದು ನನ್ನ ವಾದ. ಬ್ರಿಟನ್ನಿನ ಬಿಲ್‌ಕ್ಯಾಪ್ ಪರೀಕ್ಷೆ 447 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೇಪ್‌ಸೈಟಬೀನ್ ಮಾತ್ರೆ ಕೊಟ್ಟು, ಉಳಿದವರನ್ನು ಬರೀ ನಿಗಾದಲ್ಲಿಟ್ಟಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಧ್ಯಾಂಕದ ಲೆಕ್ಕದಲ್ಲಿ ಮಾತ್ರೆ ಪಡೆದವರು 51.1 ತಿಂಗಳು, ಪಡೆಯದವರು 36.4 ತಿಂಗಳು ಬದುಕಿದ್ದರು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಈ ವ್ಯತ್ಯಾಸ ದಾಟಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಜಪಾನಿನ ಬಿಕ್ಯಾಟ್ ಮತ್ತು ಫ್ರಾನ್ಸಿನ ಪ್ರೊಡೀಜ್ 12 ಪರೀಕ್ಷೆಗಳೂ ಲಾಭ ತೋರಿಸಲಿಲ್ಲ. ಆದರೆ ಆ ಎರಡರಲ್ಲೂ ಬಳಸಿದ್ದು ಜೆಮ್‌ಸೈಟಬೀನ್ ಆಧಾರಿತ ಚಿಕಿತ್ಸೆ. 2023ರಲ್ಲಿ ಜಪಾನಿನ ಆಸ್ಕಾಟ್ ಪರೀಕ್ಷೆ, ಕೇಪ್‌ಸೈಟಬೀನಿನ ಕುಲಕ್ಕೇ ಸೇರಿದ ಎಸ್-1 ಮಾತ್ರೆಯನ್ನು 440 ಮಂದಿಯಲ್ಲಿ ಒರೆಗೆ ಹಚ್ಚಿತು: ಮೂರು ವರ್ಷ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ಶೇ. 77.1, ಇನ್ನೊಂದರಲ್ಲಿ ಶೇ. 67.6. ಬೇರೆ ದೇಶ, ಬೇರೆ ಮಾತ್ರೆ, ಫಲಿತಾಂಶದ ದಿಕ್ಕು ಮಾತ್ರ ಒಂದೇ. ಒಂದು ಪರೀಕ್ಷೆಯ ಅರೆಕೊರೆಯನ್ನು ಇನ್ನೊಂದು ತುಂಬಿದೆ ಎಂದು ನನಗನ್ನಿಸುತ್ತದೆ.

ಆಪರೇಷನ್ ಆಗಿ ಸುಸ್ತಾದವರಿಗೆ ಮತ್ತೆ ಆರು ತಿಂಗಳ ಔಷಧಿಯೇಕೆ, ಪಥ್ಯ ಮತ್ತು ಯೋಗ ಸಾಲದೆ ಎಂದು ಕೇಳುವವರಿದ್ದಾರೆ. ಕೇಪ್‌ಸೈಟಬೀನಿನಿಂದ ಅಂಗೈ ಅಂಗಾಲು ಕೆಂಪಾಗಿ, ಉರಿದು, ಚರ್ಮ ಸುಲಿಯುವುದುಂಟು. ಚೊಂಬು ಹಿಡಿಯುವುದೂ ಕಷ್ಟವಾಗಬಹುದು. ಆಗ ಪ್ರಮಾಣ ತಗ್ಗಿಸಬೇಕು, ಕೆಲದಿನ ನಿಲ್ಲಿಸಲೂಬೇಕು. ಯೋಗದ ಮಾತಿಗೆ ಉತ್ತರ ಮಹಾರಾಷ್ಟ್ರದ ಲೋಣಾವಳಾದಲ್ಲಿದೆ. 1924ರಲ್ಲಿ ಅಲ್ಲಿ ಕೈವಲ್ಯಧಾಮ ಯೋಗಸಂಸ್ಥೆ ಕಟ್ಟಿದ ಸ್ವಾಮಿ ಕುವಲಯಾನಂದರು ಆಸನ, ಕ್ರಿಯೆಗಳ ಪರಿಣಾಮವನ್ನು ನಂಬಿಕೆಗೆ ಬಿಡದೆ ಎಕ್ಸ್‌ರೇ ಹಾಗೂ ಒತ್ತಡಮಾಪಕಗಳಿಂದ ಅಳೆಯಲು ಹೊರಟರು. ಆ ಮನೋಭಾವಕ್ಕೆ ನಿಷ್ಠರಾಗಿದ್ದರೆ, ಯೋಗದಿಂದ ಆಯಾಸ, ನಿದ್ರೆಗಳು ಸುಧಾರಿಸಬಹುದು ಎನ್ನಬಹುದೇ ಹೊರತು ಪಿತ್ತನಾಳದ ಕ್ಯಾನ್ಸರ್ ಮರಳುವುದನ್ನು ಅದು ತಡೆಯುತ್ತದೆ ಎನ್ನಲು ಪುರಾವೆಯಿಲ್ಲ. ಎರಡನ್ನೂ ಜೊತೆಗಿಟ್ಟುಕೊಳ್ಳಲು ಅಡ್ಡಿಯಿಲ್ಲ. ಒಂದರ ಬದಲು ಇನ್ನೊಂದು ಎಂಬುದಕ್ಕೆ ಮಾತ್ರ ನನ್ನ ವಿರೋಧ.

ಬ್ರಿಟನ್, ಜಪಾನುಗಳ ಅಂಕಿಗಳನ್ನು ನಮ್ಮವರಿಗೆ ನೇರ ಹೊಂದಿಸಲಾಗದು ಎಂಬ ಮಾತಿಗೆ ತೂಕವಿದೆ. ಗಂಗಾ ಬಯಲಿನಲ್ಲಿ ಹೆಚ್ಚಾಗಿ ಕಾಡುವುದು ಪಿತ್ತಕೋಶದ ಕ್ಯಾನ್ಸರ್. ಬಿಲ್‌ಕ್ಯಾಪ್‌ನಲ್ಲಿ ಅಂಥವರು ಕಡಿಮೆ ಇದ್ದರು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಆಪರೇಷನ್ ಸಾಧ್ಯವಿಲ್ಲದ ಪಿತ್ತಕೋಶದ ಕ್ಯಾನ್ಸರ್‌ನ 81 ರೋಗಿಗಳಲ್ಲಿ ಕೀಮೋ ಆಯುಷ್ಯ ಹೆಚ್ಚಿಸುತ್ತದೆಂದು ದೆಹಲಿಯ ಏಮ್ಸ್ 2010ರಲ್ಲೇ ತೋರಿಸಿತು. ಆಪರೇಷನ್ ಆದವರಿಗೂ ಅಂಥ ಹೋಲಿಕೆಯ ಪರೀಕ್ಷೆ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಬೇಕು. ಅಲ್ಲಿಯವರೆಗೆ ನಿಗಾ ತಪ್ಪಬಾರದು. ಸ್ಕ್ಯಾನ್ ಜೊತೆಗೆ ಮಾಡಿಸುವ ಸಿಎ 19-9 ರಕ್ತಪರೀಕ್ಷೆಯ ಅಂಕಿ ಏರಿದೊಡನೆ ರೋಗ ಮರಳಿತೆಂದು ಎದೆಗುಂದುವವರಿದ್ದಾರೆ. ನಾಳ ಕಟ್ಟಿಕೊಂಡು ಕಾಮಾಲೆಯಾದರೂ ಅದು ಏರುತ್ತದೆ. ಪಿತ್ತ ಸರಾಗವಾಗಿ ಹರಿಯುವಂತೆ ಮಾಡಿ, ಮತ್ತೊಮ್ಮೆ ಅಳೆದು ನೋಡಿದ ಬಳಿಕವೇ ಆ ಅಂಕಿಗೆ ಅರ್ಥ.