ಉಸಿರಿಗೂ ಒಂದು ಲೆಕ್ಕ



ಬೈಕುಲ್ಲಾದ ಬಟ್ಟೆ ಗಿರಣಿಗಳ ಭೋಂಗಾ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಗಿರಣಿಯ ಹತ್ತಿ ಧೂಳಿನಿಂದ ಬರುವ ಎದೆರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುವುದು ಅದರ ಗುರುತು. ಅದು ಆಸ್ತಮಾ ಅಲ್ಲ. ಆದರೆ ಎರಡರಲ್ಲೂ ವೈದ್ಯರ ಮುಂದಿದ್ದ ಪ್ರಶ್ನೆ ಒಂದೇ: ಉಸಿರಿನ ದಾರಿ ಎಷ್ಟು ಕಿರಿದಾಗಿದೆ ಎಂದು ತಿಳಿಯುವುದು ಹೇಗೆ?

1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ವಿವರಿಸಿದ ಸ್ಪೈರೋಮೀಟರ್ ಮನೆಯಲ್ಲಿಡುವಂಥ ಯಂತ್ರವಾಗಿರಲಿಲ್ಲ. ಸುಲಭದ ಉಪಾಯ ಹೊಳೆದದ್ದೂ ಧೂಳಿನ ನಡುವೆಯೇ. ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶ ಪರೀಕ್ಷಿಸುತ್ತಿದ್ದ ಕೇಂದ್ರದಲ್ಲಿ ದುಡಿದ ಡಾ. ಮಾರ್ಟಿನ್ ರೈಟ್, ಕೈಯಲ್ಲಿ ಹಿಡಿಯಬಹುದಾದ ‘ಪೀಕ್ ಫ್ಲೋ ಮೀಟರ್’ ರೂಪಿಸಿ 1959ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಅದು ಹಗುರ ಪ್ಲಾಸ್ಟಿಕ್ ಕೊಳವೆಯಾಗಿ ಮನೆಮನೆಗೆ ಬಂತು.

ಅದೇ ದಶಕದಲ್ಲಿ ಆಸ್ತಮಾ ಇನ್‌ಹೇಲರ್‌ಗಳನ್ನು ಭಾರತದಲ್ಲೇ ತಯಾರಿಸಲು ಮುಂದಾದದ್ದು ಸಿಪ್ಲಾ. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ ಈ ಸಂಸ್ಥೆ ಬೇರೂರಿದ್ದು ಬೈಕುಲ್ಲಾದ ಮಗ್ಗುಲಿನ ಬೆಲಾಸಿಸ್ ರಸ್ತೆಯ ಬಾಡಿಗೆ ಬಂಗಲೆಯಲ್ಲಿ. 1939ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಗಿರಣಿಯ ಧೂಳು ಕಂಡ ನೆರೆಹೊರೆಗೆ ಉಸಿರಿನ ಔಷಧದ ನಂಟೂ ಹೀಗೆ ಬೆಳೆಯಿತು.

ಅಳತೆ ಏಕೆ ಬೇಕು ಎನ್ನುವಿರಾ? ಶ್ವಾಸನಾಳ ನಿಧಾನವಾಗಿ ಕಿರಿದಾದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ‘ನನಗೇನೂ ಆಗಿಲ್ಲ’ ಎನ್ನುತ್ತಿರುವಾಗಲೇ ಮೀಟರಿನ ಮುಳ್ಳು ಇಳಿದಿರಬಹುದು.

ಕ್ರಮ ಸುಲಭ. ಬೆಳಿಗ್ಗೆ ಮತ್ತು ಸಂಜೆ, ಔಷಧ ಸೇದುವ ಮೊದಲು, ನಿಂತು ದೀರ್ಘ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಮ್ಮೆಲೇ ಜೋರಾಗಿ ಊದಿ. ಮೂರು ಸಲ ಊದಿ, ಹೆಚ್ಚಿನ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಿ. ನೀವು ಆರೋಗ್ಯವಾಗಿದ್ದಾಗ ಬಂದ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು. 50ರಿಂದ 80 ಹಳದಿ, ವೈದ್ಯರು ಬರೆದುಕೊಟ್ಟಂತೆ ಔಷಧ ಬದಲಿಸುವ ಹೊತ್ತು. 50ಕ್ಕಿಂತ ಕೆಳಗಿಳಿದರೆ ಕೆಂಪು: ತುರ್ತು ಇನ್‌ಹೇಲರ್ ಸೇದಿ, ತಡಮಾಡದೆ ಆಸ್ಪತ್ರೆಗೆ ಹೊರಡಿ. ಅಂಕಿ ಚೆನ್ನಾಗಿದ್ದರೂ ಮಾತಾಡಲಾಗದಷ್ಟು ಏದುಸಿರಿದ್ದರೆ ಮೀಟರು ಹುಡುಕುತ್ತ ಕೂರಬೇಡಿ.

ಅಂಕಿ ಹಸಿರಿನಲ್ಲಿದೆಯೆಂದು ದಿನನಿತ್ಯದ ಔಷಧವನ್ನು ನೀವೇ ನಿಲ್ಲಿಸಲೂಬೇಡಿ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಉಸಿರಿಗೂ ಒಂದು ಪುಟ ಇರಲಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅದನ್ನು ಮರೆಯದೆ ಒಯ್ಯಿರಿ.